ಪ್ರಾರ್ಥನಾ ವಿಷಯ

ಲಾಂಡ್ರಿಯ ಹೆಂಗಸರಿಗೆ ಉಗುರು ಬೆಳೆಯುವುದಿಲ್ಲ. ಸೋಡಾ ತಿಂದುಹಾಕುತ್ತದೆ. ಬೆರಳ ತುದಿ ಬೆಳ್ಳಗೆ, ಮೆತ್ತಗೆ, ಸಿಪ್ಪೆ ಸುಲಿದ ಹಾಗಿರುತ್ತದೆ. ಆ ಕೈಗಳಿಂದ ಅವರು ಇಡೀ ಆಸ್ಪತ್ರೆಯ ರಕ್ತ, ಕೀವು, ಹೇಲು, ಹೆರಿಗೆಯ ಕೊಳೆ ತೊಳೆಯುತ್ತಾರೆ. ಬಿಳಿಯ ಹಾಸಿಗೆ ನೋಡಿದ ರೋಗಿಗಳ ಕಡೆಯವರು, "ಸಭೆಯವರ ಆಸ್ಪತ್ರೆ ಅಂದ್ರೆ ಕ್ಲೀನು ಕಣ್ರೀ" ಎನ್ನುತ್ತಾರೆ. ಅದನ್ನು ಕೇಳಿ ನಾವು ದೇವರಿಗೆ ಸ್ತೋತ್ರ ಸಲ್ಲಿಸುತ್ತೇವೆ. ತೊಳೆದವರಿಗೆ ಒಂದು ಜೊತೆ ಕೈಗವಸು ಕೊಡುವುದಿಲ್ಲ.

ನಾವು ಎಂದೆ. ಬೇಕೆಂದೇ ಎಂದೆ. ಆ ಆಸ್ಪತ್ರೆಯಲ್ಲಿ ನಾನು ಸಮಾಜ ಕಾರ್ಯಕರ್ತೆ. ಬಾಗಿಲ ಮೇಲೆ ಹುದ್ದೆಯ ಹಲಗೆ, ಒಳಗೆ ಫ್ಯಾನು, ಎರಡು ಕುರ್ಚಿ, ಗೋಡೆಗೆ ಒಂದು ಶಿಲುಬೆ. ನಮ್ಮಮ್ಮ ಅದೇ ಆಸ್ಪತ್ರೆಯ ಕಕ್ಕಸು ತೊಳೆದು ತೊಳೆದು ಸತ್ತವಳು. ಆಮೇಲೆ ಸಭೆಯೇ, ಅಂದರೆ ನಮ್ಮ ಚರ್ಚೇ, ನನ್ನನ್ನು ಓದಿಸಿತು, ಕೆಲಸ ಕೊಟ್ಟಿತು. ಆಗಾಗ ಯಾರೋ ಒಬ್ಬರು ಎಲ್ಲರೆದುರು ನನ್ನ ಹೆಗಲ ಮೇಲೆ ಕೈಯಿಟ್ಟು, "ನೋಡಿ, ಆಯಾ ಮಗಳು, ಇವತ್ತು ಎಲ್ಲಿದ್ದಾಳೆ" ಎನ್ನುತ್ತಾರೆ. ನಾನು ತಲೆ ತಗ್ಗಿಸಿ ನಗುತ್ತೇನೆ. ಆ ನಗುವನ್ನು ನೆನೆಸಿಕೊಂಡರೆ ನನಗೇ ಅಸಹ್ಯವಾಗುತ್ತದೆ.

ನನ್ನ ಕೆಲಸ ಅಳುವವರ ಮಾತು ಕೇಳುವುದು. ಗಂಡ ಬಿಟ್ಟುಹೋದವಳು, ಮಗು ಕಳೆದುಕೊಂಡವಳು, ಗಡ್ಡೆ ಕೆಟ್ಟದ್ದು ಎಂದು ಈಗಷ್ಟೇ ಗೊತ್ತಾದವನು, ಎಲ್ಲರೂ ಆ ಎರಡನೇ ಕುರ್ಚಿಯಲ್ಲಿ ಕೂರುತ್ತಾರೆ. ಎಲ್ಲ ಕೇಳಿಸಿಕೊಂಡು ಕೊನೆಗೆ ನಾನು ಶಿಲುಬೆಯ ಮಾತು ತೆಗೆಯುತ್ತಿದ್ದೆ. ದೇವರ ಮಗನೇ ನರಳಿದ, ನಾವೆಷ್ಟರವರು, ನೋವಿಗೆ ಒಂದು ಅರ್ಥವಿದೆ ಎನ್ನುತ್ತಿದ್ದೆ. ನಂಬಿಯೇ ಹೇಳುತ್ತಿದ್ದೆ. ಕೆಲವರು ಹಗುರಾಗಿ ಎದ್ದುಹೋಗುತ್ತಿದ್ದರು. ಹಗುರಾದದ್ದು ಅವರೋ ಆಸ್ಪತ್ರೆಯೋ ಎಂದು ನಾನು ಯೋಚಿಸಿರಲಿಲ್ಲ.

ಹಬೆಯಕ್ಕ ಅಂಥ ಮಾತಿಗೆ ಕರಗುವವಳಲ್ಲ. ಲಾಂಡ್ರಿಯ ಹಬೆಯೊಳಗಿಂದ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬರುತ್ತಾಳೆಂದು ಅವಳಿಗೆ ಆ ಹೆಸರು. ನಮ್ಮಮ್ಮನ ಗೆಳತಿ. ನನ್ನನ್ನು ನಾಲ್ಕು ಜನರ ಮುಂದೆ ಮೇಡಂ ಎನ್ನುವಳು, ಒಬ್ಬಳೇ ಸಿಕ್ಕರೆ ಏನೇ ಎನ್ನುವಳು. ಭಾನುವಾರ ಸಭೆಯಲ್ಲಿ ಕೊನೆಯ ಬೆಂಚು ಅವಳದು. ನಿಂತು ನಿಂತು ಮಂಡಿ ಸವೆದಿತ್ತು, ಊರಲು ಬರುತ್ತಿರಲಿಲ್ಲ. ಅವಳೂ ಅವಳ ತಂಗಿಯೂ ಲಾಂಡ್ರಿಯ ಹಿಂದಿನ ಒಂದು ಕೋಣೆಯಲ್ಲಿದ್ದರು. ಕೋಣೆ ಆಸ್ಪತ್ರೆಯದು.

ತಂಗಿಯ ಕೆಲಸ ನೀರು ಹಿಂಡುವ ಯಂತ್ರದ ಮೇಲೆ. ದೊಡ್ಡದೊಂದು ಕಬ್ಬಿಣದ ಡ್ರಮ್ಮು. ಒದ್ದೆ ಬಟ್ಟೆ ತುಂಬಿ ಮುಚ್ಚಳ ಹಾಕಿದರೆ ಗಿರ್ರನೆ ತಿರುಗಿ ನೀರು ಹಿಂಡುತ್ತದೆ. ಮುಚ್ಚಳಕ್ಕೊಂದು ಲಾಕು ಇರಬೇಕು, ಡ್ರಮ್ಮು ಪೂರಾ ನಿಲ್ಲುವವರೆಗೆ ಅದು ತೆರೆಯಬಾರದು. ಆ ಲಾಕು ಮುರಿದು ಎಷ್ಟೋ ಕಾಲವಾಗಿತ್ತು. ಹಳೆಯ ಬೆಡ್‌ಶೀಟಿನ ಪಟ್ಟಿ ಹರಿದು ಮುಚ್ಚಳವನ್ನು ಬಿಗಿದು ಕಟ್ಟುತ್ತಿದ್ದರು. ನಾನೇ ಕಣ್ಣಾರೆ ನೋಡಿದ್ದೆ. "ಇದೇನಕ್ಕಾ, ಹೆರಿಗೆಯಾದವಳ ಹೊಟ್ಟೆ ಕಟ್ಟಿದ ಹಾಗೆ ಕಟ್ಟಿದ್ದೀರಾ" ಎಂದು ನಕ್ಕಿದ್ದೆ. ಅವರೂ ನಕ್ಕಿದ್ದರು.

ಲಾಂಡ್ರಿಯ ಉಸ್ತುವಾರಿ ಹಿರಿಯರದು. ಹಿರಿಯರು ಎಂದರೆ ವಯಸ್ಸಿನಿಂದಲ್ಲ, ಸಭೆ ಆರಿಸಿ ಕೂರಿಸಿದ ಸ್ಥಾನ ಅದು. ಮೃದು ಮಾತು, ಇಸ್ತ್ರಿ ಮಾಡಿದ ಅಂಗಿ, ಎದುರು ಬಂದವರಿಗೆಲ್ಲ ಕೈಮುಗಿಯುವ ಮನುಷ್ಯ. ಲಾಕಿನ ವಿಷಯ ಹೆಂಗಸರು ಹೇಳಿದಾಗಲೆಲ್ಲ "ಮಾಡಿಸೋಣಮ್ಮ, ದೇವರು ದಾರಿ ತೋರಿಸ್ಲಿ" ಎನ್ನುತ್ತಿದ್ದರು. ಯಂತ್ರ ನಿಲ್ಲಲೆಂದು ಕಾಯುತ್ತಾ ಕೂತರೆ ಮಾತ್ರ ಅದೇ ಮೃದು ದನಿಯಲ್ಲಿ, "ಆಪರೇಷನ್ ಟೇಬಲ್ ಮೇಲೆ ಮನುಷ್ಯ ಮಲಗಿದಾನೆ, ನೀವಿಲ್ಲಿ ಕಥೆ ಹೊಡೀತಿದ್ದೀರಾ?" ಎನ್ನುತ್ತಿದ್ದರು. ಹೀಗಾಗಿ ತಿರುಗುತ್ತಿರುವಾಗಲೇ ಪಟ್ಟಿ ಬಿಚ್ಚಿ, ಕೈಹಾಕಿ, ಬಟ್ಟೆ ಎಳೆದು ತೆಗೆಯುವುದು ಅಲ್ಲಿಯ ರೂಢಿಯಾಯಿತು.

ಒಂದು ಮಧ್ಯಾಹ್ನ ಡ್ರಮ್ಮಿನೊಳಗಿನ ಬೆಡ್‌ಶೀಟು ತಂಗಿಯ ಮಣಿಕಟ್ಟಿಗೆ ಸುತ್ತಿಕೊಂಡಿತು. ಬಟ್ಟೆ ಎಳೆಯಿತು. ಕೈ ಹೋಯಿತು.

ಅವಳನ್ನು ನೋಡಲು ನಾನು ವಾರ್ಡಿಗೆ ಹೋದೆ. ಮೊಣಕೈಯಿಂದ ಕೆಳಗೆ ಏನೂ ಇರಲಿಲ್ಲ. ಅವಳೇ ಹಿಂದಿನ ವಾರ ಹಿಂಡಿದ ಬೆಡ್‌ಶೀಟೋ ಏನೋ, ಅದರ ಮೇಲೇ ಮಲಗಿದ್ದಳು. ಹಬೆಯಕ್ಕ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ನನಗೆ ಬೇರೆ ಮಾತು ಗೊತ್ತಿರಲಿಲ್ಲ. ಅದೇ ತೆಗೆದೆ. ಯೇಸುವಿನ ಕೈಗೂ ಮೊಳೆ ಬಿತ್ತಲ್ಲಮ್ಮ, ಆತನಿಗೆ ನಿನ್ನ ನೋವು ಗೊತ್ತು ಎಂದೆ.

ತಂಗಿ ನನ್ನ ಮುಖವನ್ನೇ ನೋಡಿದಳು.

"ಆತ ಮೂರನೇ ದಿನ ಎದ್ದು ಬಂದ. ನನ್ನ ಕೈ ಯಾವ ದಿನ ಬರುತ್ತೆ, ಹೇಳಿ ಮೇಡಂ."

ನಾನು ಅವಳ ತಲೆ ಸವರಿದೆ. ಉತ್ತರ ಗೊತ್ತಿಲ್ಲದಾಗ ನಾವು ತಲೆ ಸವರುತ್ತೇವೆ.

ಆಡಳಿತದ ಮಾತು ಬೇಗ ಬಂತು. ಹುಡುಗಿಯದೇ ಅಜಾಗರೂಕತೆ. ಚಿಕಿತ್ಸೆ ಪುಕ್ಕಟೆ, ಅದು ಕ್ರಿಸ್ತನ ಪ್ರೀತಿಯಿಂದ. ಮುಂದಕ್ಕೆ ಕೆಲಸ ಕೊಡಲು ಆಗುವುದಿಲ್ಲ, ಒಂದು ಕೈಯಲ್ಲಿ ಏನು ತಾನೇ ಮಾಡುತ್ತಾಳೆ. ಭಾನುವಾರ ಸಭೆಯಲ್ಲಿ ಅವಳಿಗಾಗಿ ವಿಶೇಷ ಪ್ರಾರ್ಥನೆ ನಡೆಯಿತು. ಹಿರಿಯರೇ ನಡೆಸಿಕೊಟ್ಟರು. ಪ್ರಾರ್ಥಿಸುವಾಗ ಅವರ ಗಂಟಲು ಕಟ್ಟಿತು, ನಿಜವಾಗಿಯೂ ಕಟ್ಟಿತು. ಆ ಮನುಷ್ಯ ನಾಟಕದವನಾಗಿದ್ದರೆ ನನಗೆ ಸಲೀಸಾಗುತ್ತಿತ್ತು.

ಆಮೇಲೊಂದು ದಿನ ಹಬೆಯಕ್ಕ ಬಟ್ಟೆ ಒಣಹಾಕುವ ತಂತಿಗಳ ನಡುವೆ ನನ್ನನ್ನು ನಿಲ್ಲಿಸಿಕೊಂಡಳು. ಸುತ್ತ ಬೆಡ್‌ಶೀಟುಗಳು. ಯಾರಿಗೂ ಕಾಣುತ್ತಿರಲಿಲ್ಲ.

"ಏನೇ, ಒಂದು ಮಾತು ಹೇಳ್ತೀನಿ. ನಿನ್ನ ಹೊಟ್ಟೇಲಿ ಇಟ್ಕೋ."

"ಹೇಳಕ್ಕಾ."

"ಕಾರ್ಮಿಕ ಇಲಾಖೆಗೆ ಹೋಗಿದ್ದೆ. ಇನ್‌ಸ್ಪೆಕ್ಟರ್ ಸಿಕ್ಕಿದ. ಶುಕ್ರವಾರ ಹೇಳದೆ ಕೇಳದೆ ಬರ್ತಾನಂತೆ. ಮುರಿದ ಲಾಕು, ಕಟ್ಟಿದ ಪಟ್ಟಿ ಹಾಗ್ಹಾಗೇ ಕಣ್ಣಿಗೆ ಬೀಳಬೇಕು, ಆಗ ಮಾತ್ರ ಕೇಸು ನಿಲ್ಲುತ್ತೆ ಅಂದ. ಮೊದಲೇ ಗೊತ್ತಾಗಿ ರಿಪೇರಿ ಮಾಡಿಸಿಬಿಟ್ರೆ ಮುಗೀತು, ತಪ್ಪೆಲ್ಲ ನಮ್ಮ ಹುಡುಗೀದೇ ಆಗುತ್ತೆ."

"ಯಾರ್‍ಯಾರಿಗೆ ಗೊತ್ತು?"

"ನಾನು, ತಂಗಿ, ಇಸ್ತ್ರಿಯವಳು. ಅವಳೇ ನನ್ನ ಜೊತೆ ಬಂದಿದ್ಲು ಇಲಾಖೆಗೆ. ಈಗ ನೀನು."

"ನಂಗ್ಯಾಕಕ್ಕಾ ಹೇಳಿದೆ?"

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹೆದರಿಕೆ ಆಗುತ್ತೆ ಕಣೇ. ಎದೆ ಢವಢವ ಅನ್ನುತ್ತೆ. ನಿಮ್ಮಮ್ಮ ಇದ್ದಿದ್ರೆ ಅವಳಿಗೆ ಹೇಳ್ತಿದ್ದೆ."

ಆ ಮಾತಿಗೆ ನನಗೆ ಮನಸ್ಸು ತುಂಬಿಬಂತು. ಅವಳ ಕೈ ಹಿಡಿದುಕೊಂಡು, ನಿನಗೋಸ್ಕರ ಪ್ರಾರ್ಥನೆ ಮಾಡುತ್ತೇನೆ ಅಂದೆ. ಮಾಡು ಎಂದಳು. ಅವಳೇ ಹೇಳಿದಳು, ಮಾಡು ಎಂದು. ಎಷ್ಟೋ ದಿನ ನಾನು ಆ ಒಂದು ಪದವನ್ನು ಹಿಡಿದುಕೊಂಡು ತಪ್ಪಿಸಿಕೊಳ್ಳಲು ನೋಡಿದೆ.

ಆಸ್ಪತ್ರೆಯಲ್ಲಿ ದಿನವೂ ಕೆಲಸಕ್ಕೆ ಮುಂಚೆ ಪ್ರಾರ್ಥನಾ ಕೂಟ ನಡೆಯುತ್ತದೆ. ಪಾಸ್ಟರ್ ನಡೆಸುತ್ತಾರೆ. ಡಾಕ್ಟರು, ನರ್ಸುಗಳು, ಆಫೀಸಿನವರು ದುಂಡಗೆ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಲಾಂಡ್ರಿಯವರು, ಕಸದವರು ಬರುವುದಿಲ್ಲ, ಅವರು ಆ ಹೊತ್ತಿಗಾಗಲೇ ಕೆಲಸದಲ್ಲಿರುತ್ತಾರೆ. ಪಾಸ್ಟರ್ "ಪ್ರಾರ್ಥನಾ ವಿಷಯಗಳು ಇದ್ರೆ ಹೇಳಿ" ಎನ್ನುತ್ತಾರೆ. ಒಬ್ಬೊಬ್ಬರೂ ತಮ್ಮದೋ ಬೇರೆಯವರದೋ ಭಾರವನ್ನು ನಡುವೆ ಇಡುತ್ತಾರೆ. ಇಂಥವರ ಮಗಳು ಓಡಿಹೋದಳಂತೆ, ಅವಳಿಗಾಗಿ ಪ್ರಾರ್ಥಿಸೋಣ. ಇಂಥವನು ಕುಡಿಯುತ್ತಾನಂತೆ, ಅವನಿಗಾಗಿ ಪ್ರಾರ್ಥಿಸೋಣ. ಹೊರಗೆ ಹೇಳಿದರೆ ಚಾಡಿ, ಅಲ್ಲಿ ಹೇಳಿದರೆ ಮಧ್ಯಸ್ಥಿಕೆಯ ಪ್ರಾರ್ಥನೆ. ನಾವೆಲ್ಲ ಅದರಲ್ಲೇ ಬೆಳೆದವರು, ನಮಗೆ ವ್ಯತ್ಯಾಸವೇ ಕಾಣುವುದಿಲ್ಲ. ನನ್ನ ಎರಡನೇ ಕುರ್ಚಿಯಲ್ಲಿ ಅತ್ತವರ ಎಷ್ಟು ವಿಷಯಗಳನ್ನು ನಾನು ಆ ದುಂಡಿನಲ್ಲಿ ಇಟ್ಟಿದ್ದೇನೋ.

ಬುಧವಾರ ನನ್ನ ಸರದಿ. ಕಣ್ಣು ಮುಚ್ಚಿದೆ. ಎಲ್ಲರೂ ಮುಚ್ಚಿದ್ದರು. ಹಬೆಯಕ್ಕನ ಒದ್ದೆ ಕೈ ನೆನಪಾಯಿತು, ಕಣ್ಣಲ್ಲಿ ನೀರು ಬಂತು, ಮಾತು ತಾನಾಗಿ ಹರಿಯಿತು.

"ತಂದೆಯೇ, ನಮ್ಮ ಲಾಂಡ್ರಿಯ ಒಬ್ಬ ಸಹೋದರಿಗಾಗಿ ಬೇಡುತ್ತೇನೆ. ಆಕೆ ನ್ಯಾಯಕ್ಕಾಗಿ ಹೊರಟಿದ್ದಾಳೆ. ಶುಕ್ರವಾರ ಅಧಿಕಾರಿ ಬಂದು ನಿಂತಾಗ ಆಕೆಯ ಬಾಯಿಗೆ ಮಾತು ಕೊಡು. ಆಕೆಯ ಹೆದರಿಕೆ ತೆಗೆದುಬಿಡು. ಆ ಯಂತ್ರಕ್ಕೆ ಇನ್ನೊಬ್ಬರ ಕೈ ಬಲಿಯಾಗದಿರಲಿ."

ಆಮೆನ್ ಎಂದರು ಎಲ್ಲರೂ. ನನ್ನ ಎದುರಿಗೇ ಕೂತಿದ್ದ ಹಿರಿಯರೂ ಆಮೆನ್ ಎಂದರು. ಹೆಸರು ಹೇಳಲಿಲ್ಲವಲ್ಲ ಎಂದು ನನಗೆ ಸಮಾಧಾನ. ಚಹಾ ಕುಡಿಯುವಾಗ ಹಿರಿಯರು ಹತ್ತಿರ ಬಂದು, "ತುಂಬ ಭಾರದಿಂದ ಪ್ರಾರ್ಥನೆ ಮಾಡಿದ್ರಿ ಸಿಸ್ಟರ್. ದೇವರು ಕೇಳ್ತಾನೆ" ಎಂದರು. ನನಗೆ ಖುಷಿಯಾಯಿತು. ಬಾಯಿ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು.

ಮಾರನೆಯ ದಿನ ಲಾಂಡ್ರಿ ಕಡೆಯಿಂದ ಡ್ರಿಲ್ಲಿನ ಸದ್ದು ಕೇಳಿತು. ಹೋಗಿ ನೋಡಿದೆ. ಇಬ್ಬರು ಮೆಕ್ಯಾನಿಕ್‌ಗಳು ಹಿಂಡುವ ಯಂತ್ರಕ್ಕೆ ಹೊಳೆಯುವ ಹೊಸ ಲಾಕು ಕೂರಿಸುತ್ತಿದ್ದರು. ಬಟ್ಟೆಯ ಪಟ್ಟಿ ಎಲ್ಲೂ ಇಲ್ಲ. ಮೇಜಿನ ಮೇಲೆ ಕೈಗವಸಿನ ಪೊಟ್ಟಣಗಳು. ಗೋಡೆಗೆ "ಯಂತ್ರ ನಿಲ್ಲುವವರೆಗೆ ಮುಚ್ಚಳ ತೆರೆಯಬೇಡಿ" ಎಂಬ ಕೆಂಪಕ್ಷರದ ಬೋರ್ಡು.

ನನಗೆ ಮೊದಲು ಏನನ್ನಿಸಿತು ಗೊತ್ತೇ? ಪ್ರಾರ್ಥನೆ ಫಲಿಸಿತು ಅನ್ನಿಸಿತು. ಇನ್ನೊಬ್ಬರ ಕೈ ಹೋಗದಿರಲಿ ಎಂದು ನಿನ್ನೆ ಬೇಡಿದೆ, ಇವತ್ತು ಲಾಕು ಬಂತು. ಮೈ ಜುಮ್ಮೆಂದಿತು. ಓಡಿಹೋಗಿ ಹಬೆಯಕ್ಕನ ತೋಳು ಹಿಡಿದೆ.

"ನೋಡಿದ್ಯಾ ಅಕ್ಕಾ? ದೇವರು ಹೇಗೆ ಕೇಳಿದ ನೋಡು!"

ಅವಳು ತೊಟ್ಟಿಯ ಪಕ್ಕ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರು ಹೇಳಿದ್ರು ಅವರಿಗೆ?" ಎಂದಳು.

ಆಗ ಗೊತ್ತಾಯಿತು ನನಗೆ. ನಾನು ಎಂದು ಹೇಳಬೇಕಿತ್ತು. ಅಷ್ಟೇ, ಒಂದು ಪದ. ನಾನು ಹೇಳಲಿಲ್ಲ. ಹಬೆಯಕ್ಕ ನನ್ನನ್ನು ದಾಟಿ, ನನ್ನ ಹಿಂದೆ ನೋಡಿದಳು. ಅಲ್ಲಿ ಇಸ್ತ್ರಿ ಮೇಜಿನ ಹತ್ತಿರ ಇಸ್ತ್ರಿಯವಳು ದಿಂಬಿನ ಚೀಲಗಳನ್ನು ಮಡಚುತ್ತಿದ್ದಳು.

"ನೀನೇನೇ ಹಾದರಗಿತ್ತಿ?"

"ನಾನಲ್ಲಕ್ಕಾ! ನಾನ್ಯಾಕೆ ಹೇಳ್ಲಿ?"

"ಇನ್ಯಾರಿಗೆ ಗೊತ್ತಿತ್ತು? ನಿನ್ನ ಮಗಳಿಗೆ ನರ್ಸಿಂಗ್ ಸ್ಕೂಲಲ್ಲಿ ಸೀಟು ಕೊಡಿಸ್ತೀನಿ ಅಂದ್ನಲ್ಲ ಆ ಹಿರಿಯ? ಅದಕ್ಕೆ ಮಾರ್ಕೊಂಡ್ಯಾ ನನ್ನ ತಂಗೀನ?"

ಹಬೆಯಕ್ಕನಿಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ. ಅವಳ ಗೆಳತಿಯ ಮಗಳು ನಾನು. ಅಲ್ಲೇ ನಿಂತಿದ್ದೆ.

ಶುಕ್ರವಾರ ಇನ್‌ಸ್ಪೆಕ್ಟರ್ ಬಂದ. ಹಿರಿಯರು ಕೈಮುಗಿದು ಬರಮಾಡಿಕೊಂಡರು. ಲಾಕು ಹಾಕಿ ತೋರಿಸಿದರು, ತೆಗೆದು ತೋರಿಸಿದರು. ಹಬೆಯಕ್ಕ, "ಇದೆಲ್ಲ ನಿನ್ನೆ ಹಾಕಿದ್ದು ಸಾರ್, ನಿನ್ನೆ ಹಾಕಿದ್ದು" ಎಂದು ಕೂಗಿದಳು. "ಹೌದಾ, ಯಾರಾದ್ರೂ ನೋಡಿದೋರು ಇದ್ದೀರಾ?" ಎಂದು ಅವನು ಕೇಳಿದ. ಹೆಂಗಸರು ನೆಲ ನೋಡಿದರು. ಇಸ್ತ್ರಿಯವಳು ಹೇಳುತ್ತಿದ್ದಳು, ಖಂಡಿತ ಹೇಳುತ್ತಿದ್ದಳು. ಆದರೆ ಅವಳನ್ನು ಎಲ್ಲರೂ ಸೇರಿ ದ್ರೋಹಿ ಮಾಡಿಯಾಗಿತ್ತು, ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು, ಆಗ ನಾನು ನನ್ನ ರೂಮಿನಲ್ಲಿದ್ದೆ. ಬಾಗಿಲು ಹಾಕಿಕೊಂಡಿದ್ದೆ. ಕೂಗು ಕೇಳುತ್ತಿತ್ತು, ಫ್ಯಾನಿನ ವೇಗ ಜಾಸ್ತಿ ಮಾಡಿದೆ.

ಯಂತ್ರ ಸರಿಯಿದೆ, ಕೆಲಸದವಳ ಅಜಾಗರೂಕತೆ ಎಂದು ತೀರ್ಮಾನವಾಯಿತು. ಸಂಸ್ಥೆಗೆ ಕೆಟ್ಟ ಹೆಸರು ತಂದದ್ದಕ್ಕೆ ಹಬೆಯಕ್ಕನನ್ನು ಕೆಲಸದಿಂದ ತೆಗೆದರು. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕು ಎಂದರು. ಅಷ್ಟು ಹೇಳುವಾಗಲೂ ಹಿರಿಯರು ಅವಳಿಗೆ ಕೈಮುಗಿದರಂತೆ.

ಇಸ್ತ್ರಿಯವಳ ಪಾಡು ಬೇರೆ. ಅವಳ ಜೊತೆ ಯಾರೂ ಮಾತಾಡುವುದಿಲ್ಲ. ಅವಳ ಚಹಾದ ಲೋಟವನ್ನು ಯಾರೋ ಗಲೀಜು ಬಟ್ಟೆಯ ರಾಶಿಗೆ ಎಸೆದಿದ್ದರು. ಅವಳು ಅಳುತ್ತಾ ಬಂದದ್ದು ಬೇರೆಲ್ಲಿಗೂ ಅಲ್ಲ, ನನ್ನ ರೂಮಿಗೆ. ಎರಡನೇ ಕುರ್ಚಿಗೆ.

"ನಾನಲ್ಲ ಮೇಡಂ. ನನ್ನ ಮಕ್ಕಳಾಣೆಗೂ ನಾನಲ್ಲ. ನೀವಾದ್ರೂ ನಂಬ್ತೀರಾ?"

"ನಂಬ್ತೀನಿ," ಎಂದೆ.

"ಹಾಗಾದ್ರೆ ಅಕ್ಕಂಗೆ ಹೇಳಿ. ನಿಮ್ಮ ಮಾತು ಕೇಳ್ತಾಳೆ ಅವಳು."

ನಾನು ಅವಳಿಗೆ ನೀರು ಕೊಟ್ಟೆ. ತಾಳ್ಮೆಯಿಂದಿರು, ದೇವರು ಎಲ್ಲ ನೋಡುತ್ತಾನೆ ಎಂದೆ. ಅವಳು ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ನನಗೆ ಥ್ಯಾಂಕ್ಸ್ ಹೇಳಿ ಹೋದಳು.

ಒಂದು ಸಂಜೆ ಪಾಸ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ನಾನು ಮಗುವಾಗಿದ್ದಾಗಿನಿಂದ ನೋಡಿದವರು. ಪೂರ್ತಿ ಕೇಳಿದರು, ನಿಟ್ಟುಸಿರು ಬಿಟ್ಟರು.

"ನೀನು ಮಾಡಿದ್ದು ಪ್ರಾರ್ಥನೆ ಕಣಮ್ಮ. ಪ್ರಾರ್ಥನೆ ಪಾಪ ಆಗುತ್ತಾ?"

"ಅವಳ ಕೆಲಸ ಹೋಯ್ತು ಅಯ್ಯಾ. ಅವಳ ತಂಗಿಗೆ ನ್ಯಾಯ ಹೋಯ್ತು. ಇಸ್ತ್ರಿಯವಳ ಮಾನ ಹೋಯ್ತು."

"ಲಾಕು ಬಂತಲ್ಲ, ಅದು ಒಳ್ಳೇದಲ್ವಾ? ಒಂದು ಕೆಟ್ಟದ್ದರಿಂದ ದೇವರು ಒಂದು ಒಳ್ಳೇದು ತೆಗೆದ. ಈಗ ನೀನು ಹೋಗಿ ಬಾಯಿ ಬಿಟ್ಟರೆ ಸಭೆ ಒಡೆದುಹೋಗುತ್ತೆ. ನಿನ್ನ ಮನಸ್ಸಿನ ನೋವಿದೆಯಲ್ಲ, ಅದನ್ನ ನಿನ್ನ ಶಿಲುಬೆ ಅಂದ್ಕೊಂಡು ಸುಮ್ನೆ ಹೊತ್ಕೋ."

ನಾನು ಇಷ್ಟು ಕಾಲ ಬೇರೆಯವರ ಬಾಯಿಗೆ ಸುರಿದ ಔಷಧಿ ಅದು. ಈಗ ನನ್ನ ಬಾಯಿಗೆ ಬಿತ್ತು. ಎಂಥ ರುಚಿ ಅಂತೀರಾ! ಕುಡಿದುಬಿಟ್ಟರೆ ಎಲ್ಲ ಆರಾಮ. ನನ್ನ ಕುರ್ಚಿ ಉಳಿಯುತ್ತದೆ, ಫ್ಯಾನು ಉಳಿಯುತ್ತದೆ, ಮೇಲೆ ಶಿಲುಬೆ ಹೊತ್ತವಳೆಂಬ ಹೆಸರು. ಬೇರೆಯವರ ತಂಗಿಯ ಕೈ ಹೋಗಿ, ಹೊತ್ತವಳು ನಾನಾಗುತ್ತೇನೆ. ಆ ಸಂಜೆ ಹೂಂ ಎಂದು ತಲೆಯಾಡಿಸಿ ಎದ್ದುಬಂದೆ.

ಮರುದಿನದ ಕೂಟದಲ್ಲಿ ಪಾಸ್ಟರ್ ನನಗೊಂದು ದಾರಿ ಮಾಡಿಕೊಟ್ಟೆ ಎಂದುಕೊಂಡರೇನೋ. "ಕೆಲಸ ಬಿಟ್ಟುಹೋಗ್ತಿರೋ ನಮ್ಮ ಲಾಂಡ್ರಿಯ ಸಹೋದರಿ ಮನಸ್ಸಲ್ಲಿ ಕಹಿ ತುಂಬಿದೆ. ಆ ಕಹಿ ಹೋಗಲಿ, ಕ್ಷಮಿಸೋ ಮನಸ್ಸು ಬರಲಿ ಅಂತ ನಮ್ಮ ಸಮಾಜ ಕಾರ್ಯಕರ್ತೆ ಸಿಸ್ಟರ್ ಪ್ರಾರ್ಥನೆ ಮಾಡ್ತಾರೆ" ಎಂದರು. ಎಲ್ಲರೂ ತಲೆ ಬಗ್ಗಿಸಿದರು. ಕಣ್ಣು ಮುಚ್ಚಿದರು.

ನಾನು ಮುಚ್ಚಲಿಲ್ಲ. ಮುಚ್ಚಿದ ಆ ಮುಖಗಳನ್ನು ಮೊದಲ ಸಲ ನೋಡಿದೆ. ಎಷ್ಟು ಶಾಂತವಾಗಿದ್ದವು. ಹಿರಿಯರ ಕೈಬೆರಳುಗಳು ಹೆಣೆದುಕೊಂಡಿದ್ದವು. ಹತ್ತಕ್ಕೆ ಹತ್ತೂ ಬೆರಳು. ಉಗುರು ಚೆನ್ನಾಗಿ ಕತ್ತರಿಸಿದ್ದರು.

"ಮಾಡಲ್ಲ," ಎಂದೆ.

ಕಣ್ಣುಗಳು ತೆರೆದವು.

"ಅವಳು ಯಾಕೆ ಕ್ಷಮಿಸಬೇಕು? ಅವಳು ಏನು ತಪ್ಪು ಮಾಡಿದಾಳೆ ಅಂತ ಅವಳಿಗೆ ಪ್ರಾರ್ಥನೆ? ಹಿರಿಯರೇ, ಶುಕ್ರವಾರ ಇನ್‌ಸ್ಪೆಕ್ಟರ್ ಬರ್ತಾನೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಹಿರಿಯರು ಬೆಚ್ಚಲಿಲ್ಲ. ಬೇಸರದಿಂದ ತಲೆಯಾಡಿಸಿದರು.

"ಪ್ರಾರ್ಥನೇಲಿ ಕೇಳಿದ್ದನ್ನ ಹೊರಗೆ ಮಾತಾಡಬಾರದು ಸಿಸ್ಟರ್. ಅದು ಪವಿತ್ರವಾದದ್ದು."

"ಮಾತಾಡಬಾರದು. ಮೆಕ್ಯಾನಿಕ್‌ನ ಕರೆಸಬಹುದು, ಅಲ್ವಾ?"

ಯಾರೋ ಒಬ್ಬ ನರ್ಸು ಕೆಮ್ಮಿದಳು. ಪಾಸ್ಟರ್ ನನ್ನ ಹೆಸರು ಹಿಡಿದು, "ಕೂತ್ಕೋಮ್ಮ, ಮೈಗೆ ಹುಷಾರಿಲ್ಲ ನಿಂಗೆ" ಎಂದರು. ನಾನು ಕೂರಲಿಲ್ಲ. ಬಾಗಿಲ ಕಡೆ ನಡೆದೆ. ಕಾರಿಡಾರ್ ದಾಟಿ, ಶವಾಗಾರ ದಾಟಿ, ಲಾಂಡ್ರಿಯ ಹಿಂದಿನ ಕೋಣೆಗೆ ಹೋದೆ.

ಹಬೆಯಕ್ಕ ಸಾಮಾನು ಕಟ್ಟುತ್ತಿದ್ದಳು. ತಂಗಿ ಗಂಟಿನ ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಇರುವ ಕೈಯಿಂದ ಇನ್ನೊಂದು ತುದಿ ಎಳೆಯುತ್ತಿದ್ದಳು. ನಾನು ಸಹಾಯಕ್ಕೆ ಹೋದೆ. ಬಿಡಿ, ನಾನೇ ಮಾಡ್ತೀನಿ ಎಂದಳು. ಗಂಟು ಹಾಕಿ ಮುಗಿಸುವವರೆಗೆ ನಿಂತಿದ್ದು, ಆಮೇಲೆ ಹೇಳಿದೆ.

"ಇಸ್ತ್ರಿಯವಳಲ್ಲ ಅಕ್ಕಾ. ನಾನು. ಬುಧವಾರ ಪ್ರಾರ್ಥನೇಲಿ ನಾನೇ ಹೇಳಿದೆ. ಹಿರಿಯರು ಅಲ್ಲೇ ಇದ್ರು."

ಹಬೆಯಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೆಲ್ಲಗೆ ಟ್ರಂಕಿನ ಮೇಲೆ ಕೂತಳು.

"ನಾನು ದೇವರಿಗೆ ಹೇಳಿದ್ದು ಅಕ್ಕಾ," ಎಂದೆ. "ನಿನಗೆ ಒಳ್ಳೇದಾಗ್ಲಿ ಅಂತ…"

"ದೇವರಿಗೇನು ಕಿವುಡಾ?" ಎಂದಳು. "ಮನಸ್ಸಲ್ಲಿ ಹೇಳಿದ್ರೆ ಕೇಳ್ತಿರ್ಲಿಲ್ವಾ ಅವನಿಗೆ? ಸುತ್ತ ಕೂತವರ ಕಿವಿಗೆ ಬೀಳ್ಲಿ ಅಂತ ಹೇಳಿದೀಯಾ ನೀನು. ಬಡವರು ನನ್ನ ಹತ್ರ ಎಷ್ಟೆಲ್ಲ ಹೇಳ್ಕೋತಾರೆ ನೋಡಿ ಅಂತ. ನಾನೆಷ್ಟು ದೊಡ್ಡವಳು ನೋಡಿ ಅಂತ."

ನಿಜ ಅದು. ಆಯಾ ಮಗಳು ಆ ದುಂಡಿನಲ್ಲಿ ಸರಿಸಮ ಕೂರಬೇಕಾದರೆ ಏನಾದರೂ ತಂದು ನಡುವೆ ಇಡಬೇಕಿತ್ತು. ನನ್ನ ಹತ್ತಿರ ಇದ್ದದ್ದು ಇವರ ನೋವು. ಅದನ್ನೇ ದಿನವೂ ತಂದಿಡುತ್ತಿದ್ದೆ. ನಾನು ನೆಲದ ಮೇಲೆ ಕುಸಿದು ಅವಳ ಕಾಲು ಹಿಡಿದುಕೊಂಡೆ. ಕ್ಷಮಿಸು ಅಕ್ಕಾ, ಕ್ಷಮಿಸು ಎಂದು ಅತ್ತೆ.

ಅವಳು ಕಾಲು ಎಳೆದುಕೊಂಡಳು.

"ಥೂ, ಎದ್ದೇಳು. ನೀನು ಅತ್ರೆ ನಿನಗೆ ಹಗುರಾಗುತ್ತೆ. ನನಗೇನಾಗುತ್ತೆ? ಕ್ಷಮೆ ಗಿಮೆ ಎಲ್ಲ ನನ್ನ ಹತ್ರ ಇಲ್ಲ. ನಿಮ್ಮಮ್ಮನ ಮುಖ ನೋಡಿ ಕೆನ್ನೆಗೆ ಬಾರಿಸದೆ ಬಿಟ್ಟಿದೀನಿ, ಅಷ್ಟೇ."

"ಹೊಡಿ ಅಕ್ಕಾ."

"ಹೊಡೆದ್ರೂ ನಿನಗೇ ಲಾಭ ಅದು." ಅವಳು ಎದ್ದಳು. ಚಪ್ಪಲಿ ಮೆಟ್ಟಿಕೊಂಡಳು. "ಮೊದಲು ಲಾಂಡ್ರಿಗೆ ನಡಿ. ಇಸ್ತ್ರಿಯವಳ ಎದುರು, ಎಲ್ಲರ ಎದುರು ಹೇಳು. ನಾನೂ ಅವಳ ಹತ್ರ ತಪ್ಪು ಒಪ್ಪಿಕೋಬೇಕು. ಆಮೇಲೆ ಇಲಾಖೆಗೆ."

ಲಾಂಡ್ರಿಯಲ್ಲಿ ಹೇಳಿದೆ. ಇಸ್ತ್ರಿಯವಳು ನನ್ನನ್ನು ದಿಟ್ಟಿಸಿ ನೋಡಿದಳು. "ನೀರು ಕೊಟ್ರಲ್ಲ ಮೇಡಂ ನಂಗೆ" ಎಂದಳು. ಅಷ್ಟೇ ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ನಮ್ಮ ಜೊತೆ ಹೊರಟಳು. ಅವಳು ಹೊರಟದ್ದು ನೋಡಿ ಇನ್ನೂ ಕೆಲವರು ಕೈ ಒರೆಸಿಕೊಂಡು ಬಂದರು. ಆ ದಿನ ಆಪರೇಷನ್ ಥಿಯೇಟರಿಗೆ ಬಟ್ಟೆ ಹೋಗಲಿಲ್ಲ.

ದಾರಿಯಲ್ಲಿ ಹಬೆಯಕ್ಕ ಇಸ್ತ್ರಿಯವಳ ಪಕ್ಕದಲ್ಲಿ ನಡೆದಳು. ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ನಾನು ಹಿಂದೆ ಇದ್ದೆ. ಯಾರೂ ನನಗಾಗಿ ನಿಲ್ಲಲಿಲ್ಲ.

ಇಲಾಖೆಯ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ನಮ್ಮ ಗುಂಪು ನೋಡಿ ಮುಖ ಸಿಂಡರಿಸಿದ. "ಮತ್ತೆ ಬಂದ್ರಾ? ಆ ಕೇಸು ಮುಗೀತಲ್ಲಮ್ಮ. ಲಾಕು ಇತ್ತು, ನಾನೇ ನೋಡಿದೆ."

"ಅದು ಹಿಂದಿನ ದಿನ ಹಾಕಿದ್ದು ಸಾರ್," ಎಂದೆ. "ಮುರಿದ ಲಾಕು, ಬಟ್ಟೆ ಪಟ್ಟಿ ಕಟ್ಟಿದ್ದು ನಾನು ನೋಡಿದೀನಿ. ಹೊಸ ಲಾಕು ಹಾಕ್ತಿದ್ದದ್ದೂ ನೋಡಿದೀನಿ. ನೀವು ಬರೋದು ಅವರಿಗೆ ಮೊದಲೇ ಗೊತ್ತಿತ್ತು."

"ನೀವ್ಯಾರು?"

"ಆಸ್ಪತ್ರೆಯ ಸಮಾಜ ಕಾರ್ಯಕರ್ತೆ."

ಅವನು ಈಗ ನೆಟ್ಟಗೆ ಕೂತ. ಹುದ್ದೆಗೆ ಕುರ್ಚಿ ತೋರಿಸಿದ. ತಂಗಿ ನಿಂತೇ ಇದ್ದಳು, ಅವಳಿಗೆ ತೋರಿಸಲಿಲ್ಲ. ನಾನೂ ಕೂರಲಿಲ್ಲ.

"ಆಡಳಿತದವರಿಗೆ ಮೊದಲೇ ಗೊತ್ತಿತ್ತು ಅಂತೀರಾ. ಸುಮ್ನೆ ಅಂದ್ರೆ ಆಗಲ್ಲ. ಯಾರು ಹೇಳಿದ್ರು ಅವರಿಗೆ?"

ನನ್ನ ಗಂಟಲಿಂದ ಏನೋ ಹೊರಟಿತು. ನನಗೇ ಕೇಳಿಸಲಿಲ್ಲ ಅದು. ಕುರ್ಚಿ, ಕೆಲಸ, ಸಭೆ, ಅಮ್ಮನ ಸಮಾಧಿ ಇರುವ ಆ ಅಂಗಳ, ಎಲ್ಲ ಆ ಒಂದು ಪದದ ಆಚೆ ನಿಂತಿದ್ದವು.

"ಏನಂದ್ರಿ?" ಎಂದ ಅವನು.

ಹಿಂದಿನಿಂದ ಹಬೆಯಕ್ಕ ನನ್ನ ಬೆನ್ನಿಗೆ ಕೈಯಿಟ್ಟಳು. ಸಮಾಧಾನಕ್ಕಲ್ಲ. ಮುಂದೆ ದೂಡಿದಳು.

"ಜೋರಾಗಿ ಹೇಳೇ. ಅಲ್ಲಿ ಹೇಳಿದ್ಯಲ್ಲ, ಅಷ್ಟೇ ಜೋರಾಗಿ ಹೇಳು."